ಊದಾ ಹೊಗೆ ಬರುತ್ತದಂತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಮಗೆ ಬೈಯುವ ಶ್ರಮ ತಪ್ಪುತ್ತದೆ. ನಾನು ಸಿಡುಕ. ಕೋಪ ಮೂಗಿನ ತುದಿಯಲ್ಲಿರುತ್ತದೆ ಎನ್ನುತ್ತಾರಲ್ಲ, ನನ್ನದು ಇನ್ನೂ ಸ್ವಲ್ಪ ಮೇಲೆ, ಕನ್ನಡಕದ ಗಾಜಿಗೇ ಅಂಟಿಕೊಂಡಿದೆ. ಲೋಕವನ್ನೆಲ್ಲ ಅದರ ಮೂಲಕವೇ ನೋಡಬೇಕು. ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಕಬ್ಬಿಣದ ಗೇಟು ತುಕ್ಕು ಹಿಡಿದು ತೆರೆಯಲಿಲ್ಲ. ಬುದ್ಧಿಯಿದ್ದವರು ಎಣ್ಣೆ ಬಿಡುತ್ತಾರೆ. ನಾನು ಒದ್ದೆ. ಗೇಟಿಗೆ ಏನೂ ಆಗಲಿಲ್ಲ, ನನ್ನ ಬಲಗಾಲಿನ ಹೆಬ್ಬೆರಳ ಉಗುರು ಎದ್ದು ಬಂತು. ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಹಳೇ ಸೀರೆಯ ಚೂರು ಕಟ್ಟಿಕೊಂಡು, ಗೇಟು ಮಾಡಿದವನ ವಂಶವನ್ನು ಸ್ಮರಿಸುತ್ತ, ಓಣಿಯ ತಿರುವಿನ ದವಾಖಾನೆಗೆ ಕುಂಟಿಕೊಂಡು ಹೋದೆ.

ಡಾಕ್ಟರು ಇನ್ನೂ ಬಂದಿರಲಿಲ್ಲ. ನಲವತ್ತು ದಾಟಿದ ನರ್ಸ್ ಒಬ್ಬಳು ನನ್ನ ಕಾಲನ್ನು ಸ್ಟೂಲಿನ ಮೇಲೆ ಇಡಿಸಿ, ಹತ್ತಿಗೆ ಕಂದು ಬಣ್ಣದ ಔಷಧಿ ಹಚ್ಚಿ, ಗಾಯಕ್ಕೆ ಒತ್ತಿದಳು.

“ಏನದು?” ಎಂದು ಗದರಿದೆ.

“ಐಯೋಡಿನ್ ರೀ ಸರ. ನೀವಾ ಕಲಿಸಿದ್ದು.”

ತಲೆ ಎತ್ತಿ ನೋಡಿದೆ. “ನಾನು ಹುಲಿಗೆಮ್ಮರಿ, ಚೋರನೂರಿನಾಕಿ. ಪಿಯುಸಿಯಾಗ ನಿಮ್ಮ ಕ್ಲಾಸಿನ್ಯಾಗಿದ್ದೆ” ಎಂದಳು. ನನಗೆ ನೆನಪಾಗಲಿಲ್ಲ. ಆದರೂ “ಓಹೋ, ಹೌದಲ್ಲ” ಎಂದೆ. ಮೇಷ್ಟ್ರುಗಳು ದಿನಕ್ಕೆ ಹತ್ತು ಸಲ ಹೇಳುವ ಈ ಸುಳ್ಳನ್ನು ಯಮನೂ ಲೆಕ್ಕಕ್ಕೆ ಹಿಡಿಯಲಾರ. ಆಕೆ ಪಟ್ಟಿ ಸುತ್ತುತ್ತ, ಕಣ್ಣು ಗಾಯದ ಮೇಲೇ ಇಟ್ಟು, ಕೇಳಿದಳು: “ಇದನ್ನ ಕಾಸಿದ್ರ ಊದಾ ಹೊಗಿ ಬರ್ತೈತಂತಲ್ರಿ ಸರ?”

“ಬರ್ತದ.”

“ನೀವು ಕಣ್ಲೆ ನೋಡೀರೇನ್ರಿ?”

“ನೋಡದ ಕಲಿಸ್ತಾರೇನಮ್ಮ?”

“ಹೌದಲ್ರಿ” ಎಂದು ಆಕೆ ಪಟ್ಟಿಯ ತುದಿ ಕತ್ತರಿಸಿದಳು. ಅಷ್ಟೇ. ಮಾತಿನಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆದರೆ ಮನೆಗೆ ಬರುವಷ್ಟರಲ್ಲಿ ನನಗೆ ಗೇಟಿನ ಮೇಲಿದ್ದ ಸಿಟ್ಟೆಲ್ಲ ಹುಲಿಗೆಮ್ಮನ ಕಡೆ ತಿರುಗಿತ್ತು. ಕಾರಣ ಇಷ್ಟೆ: ನಾನು ನೋಡಿರಲಿಲ್ಲ.

ನಗಬೇಡಿ. ಇಪ್ಪತ್ತೆಂಟು ವರ್ಷ ಕೆಮಿಸ್ಟ್ರಿ ಕಲಿಸಿ, ಹಾರ ಹಾಕಿಸಿಕೊಂಡು, ಶಾಲು ಹೊದಿಸಿಕೊಂಡು ನಿವೃತ್ತನಾದವನು ನಾನು. ಐಯೋಡಿನ್ನಿನ ಊದಾ ಹೊಗೆಯನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ನಾನು ಓದುವಾಗ ನಮ್ಮ ಪ್ರೊಫೆಸರು ಅದನ್ನು ಮುಂದಿನ ಮೇಜಿನ ಮೇಲೆ ಮಾಡಿ ತೋರಿಸಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಮುಂದೆ ಇಪ್ಪತ್ತು ತಲೆಗಳು. ಮುಂದಿನವರು “ಹಾ” ಎಂದರು, ನಾವೂ “ಹಾ” ಎಂದೆವು. ಆ ಒಂದು “ಹಾ” ಮೇಲೆ ನನ್ನ ಇಡೀ ಉದ್ಯೋಗ ನಿಂತಿತ್ತು ಎಂದರೆ ನೀವು ನಂಬಬೇಕು.

ಆ ದಿನವೆಲ್ಲ ಹುಲಿಗೆಮ್ಮನ ಒಂದು ಪದ ನನ್ನನ್ನು ಕಾಡಿತು: ಬರ್ತೈತಂತ. ನಮ್ಮ ಭಾಷೆಯ ಈ “ಅಂತೆ”ಯ ಬಗ್ಗೆ ನೀವು ಎಂದಾದರೂ ಕೂತು ಯೋಚಿಸಿದ್ದೀರಾ? “ಕಂಪ್ಲಿಯಲ್ಲಿ ಮಳೆ ಬಂತು” ಎಂದರೆ ನಾನು ಅಲ್ಲಿ ನೆನೆದಿದ್ದೇನೆ. “ಕಂಪ್ಲಿಯಲ್ಲಿ ಮಳೆ ಬಂತಂತೆ” ಎಂದರೆ ಯಾರೋ ನೆನೆದಿದ್ದಾರೆ, ನನ್ನ ಅಂಗಿ ಒಣಗಿದೆ. ಎರಡೇ ಅಕ್ಷರದಲ್ಲಿ ಮನುಷ್ಯ ತಾನು ಎಲ್ಲಿ ನಿಂತಿದ್ದಾನೆಂದು ಹೇಳಿಬಿಡುತ್ತಾನೆ. ನಾವು ಮಾತ್ರ ಅದನ್ನು ಅಂತೆಕಂತೆ ಎಂದು ಹೀಯಾಳಿಸುತ್ತೇವೆ, ಚಾಡಿಕೋರರ ಬಾಯಿಗೆ ಬಿಟ್ಟಿದ್ದೇವೆ. ನಿಜ ನೋಡಿದರೆ ಅದರಷ್ಟು ಪ್ರಾಮಾಣಿಕ ಪದ ಇನ್ನೊಂದಿಲ್ಲ. ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ಕೈಯೆತ್ತಿ ಒಪ್ಪಿಕೊಳ್ಳುವ ಪದ ಅದು.

ನಮ್ಮ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಆ ಪದಕ್ಕೆ ಜಾಗವಿರಲಿಲ್ಲ. ಅಲ್ಲಿ ಎಲ್ಲ ಇಂಗ್ಲಿಷು. “ವಯಲೆಟ್ ವೇಪರ್ಸ್ ಆರ್ ಅಬ್ಸರ್ವ್ಡ್” ಎಂದು ಬರೆಯಬೇಕು. ಊದಾ ಆವಿ ಕಂಡುಬರುತ್ತದೆ. ಯಾರಿಗೆ ಕಂಡುಬರುತ್ತದೆ? ಆ ವಾಕ್ಯದಲ್ಲಿ ಒಬ್ಬ ನರಮನುಷ್ಯನೂ ಇಲ್ಲ, ಹುಡುಕಿ ನೋಡಿ. ಬರೆದವರಿಗೆ ಕಂಡಿಲ್ಲ, ಸಹಿ ಹಾಕಿದವನಿಗೆ ಕಂಡಿಲ್ಲ, ಮಕ್ಕಳು ನೋಡಿ ಬರೆಯುವ ಗೈಡು ಪುಸ್ತಕ ಅಚ್ಚು ಹಾಕಿದವನಿಗಂತೂ ಕಾಣುವ ಪ್ರಶ್ನೆಯೇ ಇಲ್ಲ. ಆದರೂ ಅದು ಪ್ರತಿ ವರ್ಷ ತಪ್ಪದೆ ಕಂಡುಬರುತ್ತಿತ್ತು, ಅಷ್ಟೂ ಮಕ್ಕಳ ಪುಸ್ತಕದಲ್ಲಿ, ಅದೇ ಕಾಗುಣಿತದ ತಪ್ಪಿನೊಂದಿಗೆ. ನಾನು ಕೆಳಗೆ ಕೆಂಪು ಇಂಕಿನಲ್ಲಿ ಸಹಿ ಗೀಚುತ್ತಿದ್ದೆ.

ಹಂಪಿಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ನನಗೆ ಇದೇ ಉರಿ. ಗೈಡು ಸಪ್ತಸ್ವರದ ಕಂಬಗಳ ಮುಂದೆ ನಿಲ್ಲಿಸಿ, ತಟ್ಟಿದರೆ ಸ್ವರ ಬರುತ್ತದೆ ಎನ್ನುತ್ತಾನೆ. ತಟ್ಟಲು ಬಿಡುವುದಿಲ್ಲ, ಬಿಡಲೂಬಾರದು, ಅದು ಬೇರೆ ಮಾತು. ಆದರೆ ನೆಂಟರು ಮನೆಗೆ ಬಂದು ಕಾಫಿ ಕುಡಿಯುತ್ತ “ಏನು ಸ್ವರ ರೀ ಆ ಕಲ್ಲಿನದು” ಎಂದು ತಲೆದೂಗುತ್ತಾರೆ. ಕೇಳಿದ್ದು ಎಲ್ಲಿ ಮಹಾರಾಯ? ಬಾವಲಿಗಳ ಚೀರಾಟ ಬಿಟ್ಟು ಅಲ್ಲಿ ನನಗಂತೂ ಏನೂ ಕೇಳಿಲ್ಲ. ಅವರ ಮೇಲೆ ರೇಗುತ್ತಿದ್ದ ನಾನು ಊದಾ ಹೊಗೆಯ ವಿಷಯದಲ್ಲಿ ಅವರ ಅಣ್ಣನೇ ಆಗಿದ್ದೆ.

ಐಯೋಡಿನ್ ಎಂಬ ಹೆಸರೇ ಊದಾ ಬಣ್ಣಕ್ಕೆ ಗ್ರೀಕರು ಹೇಳುವ ಪದದಿಂದ ಬಂದದ್ದು. ಫ್ರಾನ್ಸಿನಲ್ಲಿ ಸಿಡಿಮದ್ದಿಗೆ ಬೇಕಾದ ಮದ್ದಿನುಪ್ಪು ತಯಾರಿಸುತ್ತಿದ್ದ ಒಬ್ಬಾತ ಕಡಲಪಾಚಿಯ ಬೂದಿಗೆ ಕೈತಪ್ಪಿ ಹೆಚ್ಚು ಆಸಿಡ್ ಸುರಿದು, ಎದ್ದ ಊದಾ ಹೊಗೆಗೆ ಬೆರಗಾಗಿ ನಿಂತನಂತೆ. (ಅಂತೆ. ನಾನು ಅಲ್ಲಿರಲಿಲ್ಲ.) ಕಂಡವರು ಕಂಡ ಬಣ್ಣವನ್ನೇ ಹೆಸರಾಗಿ ಇಟ್ಟರು. ಕಾಣದ ನಾವು ಆ ಹೆಸರಿಗೆ ಸಹಿ ಹಾಕಿ ಸಂಬಳ ತೆಗೆದುಕೊಂಡೆವು.

ಹಾಗಾಗಿ ನಾನು ನಿಶ್ಚಯಿಸಿದೆ: ಹುಲಿಗೆಮ್ಮನಿಗೆ ಹೇಳಿದ ಸುಳ್ಳನ್ನು ನಿಜ ಮಾಡುವುದು. ಮನೆಯಲ್ಲೇ ಐಯೋಡಿನ್ ತೆಗೆಯುವುದು, ಕಾಸುವುದು, ನೋಡುವುದು. ಪಶ್ಚಾತ್ತಾಪ ಎಂದೆಲ್ಲ ಭಾವಿಸಬೇಡಿ. ಬರೀ ಹಟ.

ಮೊದಲು ಗಾಯಕ್ಕೆ ಹಚ್ಚುವ ಈಗಿನ ಕಂದು ಔಷಧಿಯನ್ನೇ ತಂದೆ. ಅದರಲ್ಲಿ ಐಯೋಡಿನ್ ಇದೆ, ಆದರೆ ಅದನ್ನು ಒಂದು ಅಂಟು ಪದಾರ್ಥ ಅಪ್ಪಿ ಹಿಡಿದಿರುತ್ತದೆ. ಮೂರು ದಿನ ಏನು ಮಾಡಿದರೂ ಬಿಡಲಿಲ್ಲ. ಗಾಜಿನ ಲೋಟದಲ್ಲಿ ಕಲಕಿ, ಸೋಸಿ, ಬೈದು, ಕಡೆಗೆ ಮೋರಿಗೆ ಸುರಿದೆ. ಆಮೇಲೆ ಹಳೇ ಕಾಲದ ಟಿಂಚರ್ ಹುಡುಕಿಕೊಂಡು ಹೊರಟೆ. ಮೆಡಿಕಲ್ ಷಾಪಿನವನು “ಈಗ ಯಾರ ಹಚ್ಚತಾರ್ರಿ ಅದನ್ನ? ಯಾತಕ್ಕ ಬೇಕು?” ಎಂದ. “ಹೊಗೆ ನೋಡಲಿಕ್ಕೆ” ಎಂದೆ. ಆತ ನನ್ನ ಮುಖ ನೋಡಿ, ಸ್ವಲ್ಪ ಹಿಂದೆ ಸರಿದು, ಮೇಲಿನ ಖಾನೆಯಿಂದ ಧೂಳು ಹಿಡಿದ ಸಣ್ಣ ಬಾಟಲಿಗಳನ್ನು ತೆಗೆದುಕೊಟ್ಟ. ಗಾಯ ತೊಳೆಯುವ ಪೆರಾಕ್ಸೈಡನ್ನೂ ಕೊಟ್ಟ. ಬಚ್ಚಲು ತೊಳೆಯುವ ಆಸಿಡ್ ಮನೆಯಲ್ಲೇ ಇತ್ತು.

ಟಿಂಚರಿನಲ್ಲಿರುವ ಐಯೋಡಿನ್ನಿನಲ್ಲಿ ಅರ್ಧ ಮಾತ್ರ ಐಯೋಡಿನ್ನಾಗಿ ಕಾಣುವುದು; ಉಳಿದದ್ದು ಅಯೊಡೈಡ್ ಎಂಬ ಲವಣದ ವೇಷದಲ್ಲಿ, ಬಣ್ಣವಿಲ್ಲದೆ, ನೀರಿನಲ್ಲಿ ಕರಗಿ ಅಡಗಿರುತ್ತದೆ. ನೀರು ಬೆರೆಸಿ, ಆಸಿಡ್ ಮತ್ತು ಪೆರಾಕ್ಸೈಡ್ ಹನಿಸಿದರೆ ಅದು ವೇಷ ಕಳಚುತ್ತದೆ. ಕಂದು ನೀರು ಕಪ್ಪಾಗಿ, ಕದಡಿ, ತಳದಲ್ಲಿ ಕಪ್ಪು ಪುಡಿ ಕೂರುತ್ತದೆ. ಮಾಳಿಗೆಯ ಮೇಲೆ ಕೂತು ಇಷ್ಟು ಮಾಡಿದಾಗ ನಿಜಕ್ಕೂ ಪುಡಿ ಕೂತಿತು. ಸೋಸಬೇಕಿತ್ತು. ಹೆಂಡತಿ ಇಂದಿರಾಳ ಡಿಕಾಕ್ಷನ್ ಫಿಲ್ಟರಿಗೆ ಕೈ ಹಾಕಿದೆ. “ಅದನ್ನ ಮುಟ್ಟಿದ್ರ ನಾಳೆಯಿಂದ ಕಾಫಿ ಇಲ್ಲ, ನಾನೂ ಇಲ್ಲ” ಎಂದಳು. ಎರಡನೆಯದಕ್ಕಿಂತ ಮೊದಲನೆಯದಕ್ಕೆ ಹೆದರಿ, ಬೀರುವಿನಿಂದ ನನ್ನದೇ ಬಿಳಿ ಪಂಚೆ ತೆಗೆದೆ. ಇಸ್ತ್ರಿ ಮಾಡಿ ಮಡಚಿಟ್ಟದ್ದು, ನೂಲು ಒತ್ತಾದದ್ದು, ಸೋಸಲು ಇದಕ್ಕಿಂತ ಬೇಕೇ ಎಂದುಕೊಂಡು, ಬಕೆಟ್ಟಿನ ಬಾಯಿಗೆ ಕಟ್ಟಿ, ಸುರಿದೆ.

ಪಂಚೆ ನೀಲಿಯಾಯಿತು. ಬರೀ ನೀಲಿಯಲ್ಲ, ಇಂಕಿನ ದೌತಿ ಕವುಚಿದಂಥ ಕಡುನೀಲಿ, ಕ್ಷಣದಲ್ಲಿ ಕಪ್ಪು. ನನ್ನ ಐಯೋಡಿನ್ನನ್ನೆಲ್ಲ ಪಂಚೆ ಕುಡಿದುಬಿಟ್ಟಿತು. ಇಂದಿರಾ ಕಂಪ್ಲಿ ಅಕ್ಕಿಯ ಗಂಜಿ ಹಾಕಿ ಪಂಚೆ ಒಗೆಯುತ್ತಾಳೆ, ಉಟ್ಟರೆ ಅದು ನನಗಿಂತ ನೆಟ್ಟಗೆ ನಿಲ್ಲುತ್ತದೆ. ಆಕೆ ಮಾಳಿಗೆ ಹತ್ತಿ ಬಂದು ನೋಡಿದಳು. ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಪಂಚೆಯ ತುದಿ ಎತ್ತಿ ಹಿಡಿದು ಹೇಳಿದಳು: “ಅಲ್ರೀ, ಗಂಜಿಗೆ ಐಯೋಡಿನ್ ಹಾಕಿದ್ರ ನೀಲಿ ಆಗ್ತದಂತ ನಮಗ ಎಂಟನೇ ಕ್ಲಾಸಿನೊಳಗ ಹೇಳಿಕೊಟ್ಟಿದ್ರು. ನಿಮಗ ಎಮ್ಮೆಸ್ಸಿಯೊಳಗ ಹೇಳ್ಲಿಲ್ಲೇನು?”

ನಾನು ಏನು ಉತ್ತರ ಕೊಟ್ಟೆ ಎಂಬುದು ಇಲ್ಲಿ ಬೇಡ. ಬೆಳೆಯುವ ಮಕ್ಕಳು ಓದಬಹುದು. ಆ ಪಂಚೆಯನ್ನೂ, ಬಕೆಟ್ಟನ್ನೂ, ಸ್ವಲ್ಪ ದಿನದ ಮಟ್ಟಿಗೆ ನನ್ನನ್ನೂ ಅಡುಗೆಮನೆಯ ಹೊಸ್ತಿಲಾಚೆ ಇಡಲಾಯಿತು ಎಂದಷ್ಟೇ ಹೇಳುತ್ತೇನೆ.

ಎರಡನೇ ಸಲಕ್ಕೆ ಟಿಂಚರ್ ಇತ್ತು, ಪೆರಾಕ್ಸೈಡ್ ಮುಗಿದಿತ್ತು. ಮತ್ತೆ ಆ ಮೆಡಿಕಲ್ ಷಾಪಿನವನ ಮುಖ ನೋಡುವ ಮನಸ್ಸಿರಲಿಲ್ಲ. ಆಗ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟ ಕಪ್ಪು ಕಲ್ಲು ಕಣ್ಣಿಗೆ ಬಿತ್ತು. ಸಂಡೂರಿನ ಗಣಿ ಆಫೀಸಿನಲ್ಲಿದ್ದ ನನ್ನ ಭಾವಮೈದುನ ಯಾವತ್ತೋ ತಂದುಕೊಟ್ಟ ಮ್ಯಾಂಗನೀಸ್ ಅದಿರು, ಮುಟ್ಟಿದರೆ ಬೆರಳಿಗೆ ಮಸಿ. ಕಾಲೇಜಿನ ರೆಕಾರ್ಡಿನ ವಿಧಾನವೂ ಅದೇ ಅಲ್ಲವೇ? ಅಯೊಡೈಡ್ ಲವಣಕ್ಕೆ ಮ್ಯಾಂಗನೀಸಿನ ಕಪ್ಪು ಪುಡಿ ಚಿಟಿಕೆ ಸೇರಿಸಿ ಆಸಿಡ್ ಹಾಕಿ ಕಾಸು, ಊದಾ ಆವಿ ಕಂಡುಬರುತ್ತದೆ. ನಮ್ಮ ಕಾಲೇಜಿಗೆ ಈ ಕಪ್ಪು ಪುಡಿ ಎಲ್ಲಿಂದಲೋ ಸೀಲು ಹಾಕಿದ ಡಬ್ಬಿಯಲ್ಲಿ ಬರುತ್ತಿತ್ತು, ಅದೇ ಹೊತ್ತಿಗೆ ಅದೇ ಕಲ್ಲನ್ನು ಹೊತ್ತ ಲಾರಿಗಳು ಕಾಲೇಜಿನ ಮುಂದೆಯೇ ಹಾದು ನಮ್ಮ ಅಂಗಿಗಳ ಬಣ್ಣ ಬದಲಿಸುತ್ತಿದ್ದವು. ಇದಕ್ಕೂ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹಿತ್ತಲಲ್ಲಿ ಕೂತು ಕಲ್ಲು ಕುಟ್ಟಿ ಪುಡಿ ಮಾಡಿದೆ.

ಪುಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು, ಟಿಂಚರ್ ದಂಡ ಮಾಡದೆ, ಇಂಕ್ ಬಾಟಲಿಯೊಂದರಲ್ಲಿ ಚಿಟಿಕೆ ಪುಡಿಗೆ ಬರೀ ಆಸಿಡ್ ಹನಿಸಿ, ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ನೋಡಿದೆ. ಬಾಟಲಿಯೊಳಗೆ ತಿಳಿ ಹಸಿರು ಬೆರೆತ ಹಳದಿ ಗಾಳಿ ತುಂಬಿತು. ಬಗ್ಗಿದೆ. ಮೂಗಿನಿಂದ ನೆತ್ತಿಯವರೆಗೆ ಉರಿ ಏರಿ ಕಣ್ಣಲ್ಲಿ ನೀರು ಬಂತು. ಹಿತ್ತಲ ಕಟ್ಟೆಗೆ ಬಂದು ಕೆಮ್ಮುತ್ತ ಕೂತೆ. ಕ್ಲೋರಿನ್. ಆಸಿಡ್ಡಿನಲ್ಲಿರುವ ಕ್ಲೋರಿನ್ನನ್ನು ಮ್ಯಾಂಗನೀಸ್ ಬಿಡಿಸುತ್ತದೆ ಎಂದು ನಾನೇ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅಡುಗೆ ಉಪ್ಪಿಗೆ ಕಾಲೇಜಿನಲ್ಲಿ ಬಳಸುವ ಗಂಧಕದ ಆಸಿಡ್ಡೂ ಈ ಪುಡಿಯೂ ಸೇರಿದರೂ ಬರುವುದು ಇದೇ ಗಾಳಿ. ಕಣ್ಣೊರೆಸಿಕೊಳ್ಳುತ್ತಿದ್ದಾಗ, ಎಲ್ಲಿ ಅಡಗಿತ್ತೋ, ಒಂದು ಪುಟ ನೆನಪಿಗೆ ಬಂತು.

ಇಂಗ್ಲಿಷ್ ರೆಕಾರ್ಡಿನ ಮಧ್ಯೆ ಕನ್ನಡದಲ್ಲಿ, ಪೆನ್ಸಿಲಿನಲ್ಲಿ ಬರೆದ ಎರಡು ಸಾಲು: “ಹಸಿರು ಹಳದಿ ಗಾಳಿ ಬಂತು. ಮೂಗು ಉರೀತು. ಊದಾ ಕಾಣಲಿಲ್ಲ.”

ಚೋರನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ, ಇಂಗ್ಲಿಷ್ ಬಾರದ ಹುಡುಗಿ. ನಾನು ಆ ಸಾಲುಗಳ ಮೇಲೆ ಕೆಂಪು ಗೆರೆ ಎಳೆದಿದ್ದೆ. ಕ್ಲಾಸಿನ ಮುಂದೆ ಓದಿ ಹೇಳಿ, “ಮೂಗು ಉರೀತಂತ, ಮನಿಗೆ ಹೋಗಿ ತುಪ್ಪ ಹಚ್ಕೋ” ಎಂದು ನಗಿಸಿದ್ದೆ. ಎಲ್ಲರೂ ನಕ್ಕಿದ್ದರು. ಗೈಡಿನಲ್ಲಿದ್ದದ್ದನ್ನು ಬರೆಯುವವರೆಗೆ ಸಹಿ ಹಾಕುವುದಿಲ್ಲ ಎಂದಿದ್ದೆ. ಬರೆದಳು. ಸಹಿ ಹಾಕಿದೆ. ಮುಂದಿನ ವರ್ಷ ಆಕೆ ಸೈನ್ಸ್ ಕ್ಲಾಸಿನಲ್ಲಿ ಇರಲಿಲ್ಲ. ಇದ್ದಾಳೋ ಇಲ್ಲವೋ ಎಂದು ನಾನು ನೋಡಿರಲಿಲ್ಲ ಕೂಡ.

ಈಗ ಹೇಳಿ, ಆ ಹುಡುಗಿ ಬರೆದದ್ದರಲ್ಲಿ ಏನು ತಪ್ಪಿತ್ತು? ಅಯೊಡೈಡ್ ಎಂದು ಚೀಟಿ ಅಂಟಿಸಿದ್ದ ನಮ್ಮ ಲ್ಯಾಬಿನ ಬಾಟಲಿಯಲ್ಲಿ ಇದ್ದದ್ದು ಅಡುಗೆ ಉಪ್ಪು. ಯಾರು ತುಂಬಿದರೋ, ಯಾವಾಗ ತುಂಬಿದರೋ. ಇಡೀ ಕ್ಲಾಸು ಕ್ಲೋರಿನ್ ಕುಡಿದು ಕೆಮ್ಮುತ್ತ ಊದಾ ಆವಿ ಕಂಡೆವೆಂದು ಬರೆಯುತ್ತಿತ್ತು, ವರ್ಷಗಟ್ಟಲೆ. ಒಬ್ಬಳು ಮಾತ್ರ ಕಂಡದ್ದನ್ನು ಬರೆದಳು. ನಾನೋ, ಕಿಟಕಿ ಪಕ್ಕದ ಮೇಜಿನಲ್ಲಿ ಗಾಳಿಗೆ ಕೂತು ಸಹಿ ಹಾಕುತ್ತಿದ್ದೆ. ಆ ಬಾಟಲಿ ತುಂಬಿದವನು ಆ ಹೊತ್ತಿಗೆ ಎದುರಿಗೆ ಸಿಕ್ಕಿದ್ದರೆ ಅವನ ಗತಿ ನಮ್ಮ ಗೇಟಿನದೇ ಆಗುತ್ತಿತ್ತು, ಈ ಸಲ ಎಡಗಾಲು.

ಉರಿಯುವ ಕಣ್ಣಲ್ಲೇ ಕೆಲಸ ಮುಗಿಸಿದೆ. ಟಿಂಚರಿಗೆ ಆಸಿಡ್ ಹಾಕಿ ಕಲ್ಲಿನ ಪುಡಿ ಬೆರೆಸಿದೆ, ತಳದಲ್ಲಿ ಕಪ್ಪಿನ ಮೇಲೆ ಕಪ್ಪು ಕೂತಿತು. ಮೇಲಿನ ನೀರು ಬಸಿದು, ಆ ರಾಡಿಯನ್ನು ದಪ್ಪ ಗಾಜಿನ ಲೋಟಕ್ಕೆ ಹಾಕಿ, ಬಾಯಿಗೆ ತಣ್ಣೀರು ತುಂಬಿದ ಪಿಂಗಾಣಿ ಬಟ್ಟಲು ಮುಚ್ಚಿ, ಮಾಳಿಗೆಯ ಮೇಲೆ ಮರಳಿನ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು ದೂರ ಕೂತೆ. ಇಂದಿರಾ ಮೆಟ್ಟಿಲ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಂತಳು.

ಬಂತು. ಮೊದಲು ತಳದಲ್ಲಿ ಮಬ್ಬು, ಆಮೇಲೆ ಲೋಟದ ತುಂಬ. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ ಗೊತ್ತಲ್ಲ, ಅದು ಗಾಳಿಯಾದರೆ ಹೇಗೋ ಹಾಗೆ. ಭಾರದ ಹೊಗೆ, ಮೇಲೇಳಲು ಅವಸರವೇ ಇಲ್ಲ, ಲೋಟದೊಳಗೇ ನಿಧಾನ ತಿರುಗುತ್ತಿತ್ತು. ಬಟ್ಟಲಿನ ತಳದಲ್ಲಿ ಹೊಳೆಯುವ ಕಪ್ಪು ಹರಳು ಒಂದೊಂದಾಗಿ ಹುಟ್ಟಿತು.

“ಭಾಳ ಛಂದ ಅದರೀ” ಎಂದಳು ಇಂದಿರಾ, ನಾಲ್ಕು ದಿನದಲ್ಲಿ ನನ್ನೊಂದಿಗೆ ಆಡಿದ ಮೊದಲ ಮಾತು.

ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು, ಅದೂ ಜೀವಮಾನದಲ್ಲೇ ಬಾರದಂಥ ಸಿಟ್ಟು. ಒಂದು ಲೋಟ, ಒಂದು ಬಟ್ಟಲು, ಒಂದು ಹಿಡಿ ಮರಳು. ಇಷ್ಟೇ ಸಾಕಿತ್ತು. ಇಪ್ಪತ್ತೆಂಟು ವರ್ಷ, ಪ್ರತಿ ಬ್ಯಾಚಿಗೂ, ಒಂದು ಗಂಟೆ ಸಾಕಿತ್ತು. ಪಾಪಿನಾಯಕನಹಳ್ಳಿಯಿಂದ, ಕಂಪ್ಲಿಯಿಂದ, ಸಂಡೂರಿನ ಗುಡ್ಡದಾಚೆಯಿಂದ ಬುತ್ತಿ ಕಟ್ಟಿಕೊಂಡು ಬಂದ ಅಷ್ಟು ಮಕ್ಕಳು ಇದನ್ನು ನೋಡದೆ ಹೋದರು. ಲ್ಯಾಬಿನ ಬೀರುವಿನ ಕೀಲಿ ನನ್ನ ಜೇಬಿನಲ್ಲೇ ಇತ್ತು.

ಹರಳುಗಳನ್ನು ಹೋಮಿಯೋಪತಿ ಗುಳಿಗೆಯ ಸಣ್ಣ ಗಾಜಿನ ಶೀಷೆಗೆ ಹಾಕಿ, ಬಿರಡೆ ಬಿಗಿದು, ಮರುದಿನ ಮಧ್ಯಾಹ್ನ ದವಾಖಾನೆಗೆ ನಡೆದೆ. ರೋಗಿಗಳು ಯಾರೂ ಇರಲಿಲ್ಲ. ಹುಲಿಗೆಮ್ಮ ಹತ್ತಿ ಉಂಡೆ ಮಾಡುತ್ತ ಕೂತಿದ್ದಳು.

“ಬರ್ರಿ ಸರ, ಕಾಲು ಹೆಂಗೈತ್ರಿ?”

“ಕಾಲಿನ ಮಾತು ಬಿಡು. ಆ ಬಾಟ್ಲಿಯೊಳಗ ಇದ್ದದ್ದು ಅಡಿಗಿ ಉಪ್ಪು ನೋಡಮ್ಮ.”

ಯಾವ ಬಾಟಲಿ ಎಂದು ಆಕೆ ಕೇಳಲಿಲ್ಲ. ಉಂಡೆ ಮಾಡುವ ಕೈಯೂ ನಿಲ್ಲಲಿಲ್ಲ. “ಗೊತ್ತೈತ್ರಿ” ಎಂದಳು. “ನರ್ಸಿಂಗ್ ಕಲಿಯೋ ಮುಂದ ವಾರ್ಡ್ ತೊಳೆಯಾಕ ಯಾರೋ ಬ್ಲೀಚಿಂಗ್ ಪೌಡರಿನ ಮ್ಯಾಲೆ ಆಸಿಡ್ ಸುರುವಿದ್ರು. ಅದಾ ಗಾಳಿ, ಅದಾ ಉರಿ. ಏನಿದು ಅಂತ ಕೇಳಿದೆ, ಕ್ಲೋರಿನ್ ಅಂದ್ರು. ಅವತ್ತಾ ಗೊತ್ತಾತು, ನಾ ಬರದಿದ್ದು ತಪ್ಪಲ್ಲ ಅಂತ.”

“ನನಗ ಬಂದು ಹೇಳಬೇಕಿತ್ತಲ್ಲ?”

“ಹೇಳಿದ್ರ ಕೇಳ್ತಿದ್ರೇನ್ರಿ?”

ಕೇಳುತ್ತಿರಲಿಲ್ಲ. ಅದಕ್ಕೇ ಮಾತು ಬದಲಿಸಿ ಬೈಯಲು ಶುರು ಮಾಡಿದೆ: ಉಪ್ಪು ತುಂಬಿದವನನ್ನು, ಸಾಮಾನು ಖರೀದಿಸಿದವನನ್ನು, ಗೈಡು ಬರೆದವನನ್ನು, ಒಟ್ಟು ವ್ಯವಸ್ಥೆಯನ್ನು. ವ್ಯವಸ್ಥೆಯನ್ನು ಬೈಯುವುದರಲ್ಲಿ ಒಂದು ಸುಖವಿದೆ, ಅದು ತಿರುಗಿ ಬೈಯುವುದಿಲ್ಲ. ಹುಲಿಗೆಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹತ್ತಿಯನ್ನು ಬದಿಗಿಟ್ಟಳು.

“ಅವರ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ ಸರ. ಅವರು ಬಾಟ್ಲಿ ತುಂಬಿದ್ರು. ಕೆಂಪು ಗೆರಿ ಎಳದಾವರು ನೀವು.”

ದನಿ ಏರಿರಲಿಲ್ಲ. ಆದರೆ ಅದು ಸಿಟ್ಟೇ. ಜೀವನವೆಲ್ಲ ಸಿಟ್ಟಿನ ವ್ಯಾಪಾರ ಮಾಡಿದವನಿಗೆ ಅಸಲಿ ಮಾಲು ಯಾವುದೆಂದು ತಿಳಿಯುತ್ತದೆ.

“ನಿಮಗೊಂದು ಹೇಳ್ತೀನ್ರಿ” ಎಂದಳು. “ಟ್ರೇನಿಂಗಿನ್ಯಾಗ ಒಂದು ಕೂಸು ತೂಗಿದೆ. ಎರಡು ಕೆಜಿನೂ ಇದ್ದಿಲ್ಲ. ದೊಡ್ಡ ಸಿಸ್ಟರು ‘ಎರಡೂವರಿ ಅಂತ ಬರಿ, ಕಮ್ಮಿ ಬರದ್ರ ದೊಡ್ಡಾಸ್ಪತ್ರಿಗೆ ಕಳಿಸಬೇಕಾಗ್ತೈತಿ’ ಅಂದ್ರು. ಬರದೆ. ಯಾಕ ಅಂದ್ರ, ಕಂಡಿದ್ದು ಬರದ್ರ ಹತ್ತು ಮಂದಿ ಮುಂದ ನಗಸ್ತಾರ ಅಂತ ನನಗ ಗೊತ್ತಿತ್ತು. ಆಮ್ಯಾಲ ಜೀವ ತಡೀಲಿಲ್ಲ. ಒಂದು ತಿಂಗಳು ದಿನಾ ಅವರ ಮನಿಗೆ ಹೋಗಿ ಕೂಸು ಉಸಿರಾಡ್ತೈತೋ ಇಲ್ಲೋ ನೋಡಿ ಬರ್ತಿದ್ದೆ. ಬದುಕ್ತು, ನನ್ನ ಪುಣ್ಯ. ಆದ್ರ ಭಾಳ ವರ್ಷ ನಾ ಏನು ಬರೆಯೋದಿದ್ರೂ ಮೊದಲು ಎದುರಿಗಿದ್ದವರ ಮುಖ ನೋಡ್ತಿದ್ದೆ, ಏನು ಬರೀಲಿ ಅಂತ.”

ಹೊರಗೆ ಅದಿರಿನ ಲಾರಿಯೊಂದು ಹೋಯಿತು. ಕಿಟಕಿ ಗಾಜು ಅದುರಿ ನಿಂತಿತು. ನನಗೆ ಯಾರ ಮೇಲೂ ಸಿಟ್ಟು ಮಾಡಲು ತೋಚಲಿಲ್ಲ, ಅದು ನನ್ನ ಪಾಲಿಗೆ ಬಹಳ ಇಕ್ಕಟ್ಟಿನ ಸ್ಥಿತಿ.

“ನೀ ಬರದದ್ದು ಖರೇನ ಇತ್ತಮ್ಮ” ಎಂದೆ. “ನಾ ಹೊಡದು ಹಾಕಿದ್ದು ತಪ್ಪು. ನಾನು ಆಗ ಊದಾ ಹೊಗಿ ನೋಡಿರಲಿಲ್ಲ. ಮೊನ್ನೆ ನಿನಗ ಹೇಳಿದ್ದೂ ಸುಳ್ಳು. ನಿನ್ನೆ ನೋಡಿದೆ.”

ಇಷ್ಟು ಹೇಳಲು ಎಷ್ಟು ಹೊತ್ತು ಬೇಕಾಯಿತು ಎಂದರೆ ಆಕೆ ಎದ್ದು ನನಗೆ ನೀರು ತಂದುಕೊಟ್ಟಳು. ಜೇಬಿನಿಂದ ಶೀಷೆ ತೆಗೆದು ಮೇಜಿನ ಮೇಲಿಟ್ಟೆ. ಆಕೆ ಚಹಾದ ಫ್ಲಾಸ್ಕಿನಿಂದ ಬಿಸಿನೀರು ಲೋಟಕ್ಕೆ ಬಗ್ಗಿಸಿ, ಶೀಷೆಯನ್ನು ಅದರಲ್ಲಿ ನಿಲ್ಲಿಸಿದಳು. ನಾನು ಏನೂ ಹೇಳಿಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಶೀಷೆಯೊಳಗೆ ಬಣ್ಣ ಏರಿತು. ಹುಲಿಗೆಮ್ಮ ಮೇಜಿಗೆ ಗಲ್ಲ ತಾಗುವಂತೆ ಬಗ್ಗಿ ನೋಡಿದಳು, ಬಹಳ ಹೊತ್ತು.

“ಛಂದ ಐತ್ರಿ” ಎಂದಳು ಕಡೆಗೆ. “ಅವತ್ತು ತೋರಿಸಿದ್ರ ಇನ್ನೂ ಛಂದ ಕಾಣ್ತಿತ್ತು.”

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳಬೇಕೆಂದಿದ್ದೆ. “ಕುಂದ್ರಿ ಸರ, ಮುಖ ಕೆಂಪಾಗೈತಿ” ಎಂದು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ಗಾಳಿ ಊದಿದಳು, ಬಿಟ್ಟಳು, ಮತ್ತೊಮ್ಮೆ ಊದಿ ಬಿಟ್ಟಳು. ನೂರಾ ಎಪ್ಪತ್ತೆರಡು ಎಂದಳು. ಅದನ್ನು ಕೇಳಿ ಇನ್ನೆರಡು ಏರಿರಬೇಕು. ನನಗೆ ಇಂದಿರಾ ಕಣ್ಣ ಮುಂದೆ ಬಂದಳು. ಹುಲಿಗೆಮ್ಮ ಬರೆದುಕೊಡುವ ಬಿ.ಪಿ. ಚೀಟಿ ಅವಳ ಕೈಗೆ ಹೋಗುತ್ತದೆ, ಅವಳು ಓದಿದವಳು.

“ಬಿಸಿಲಾಗ ನಡಕೊಂಡು ಬಂದೀನಮ್ಮ, ಅದಕ್ಕ ಜಾಸ್ತಿ ತೋರಿಸ್ತದ” ಎಂದೆ. “ನೂರಾ ಐವತ್ತು ಅಂತ ಬರಿ. ಮನ್ಯಾಗ ಉಪ್ಪಿನಕಾಯಿ, ಹಪ್ಪಳ ಎಲ್ಲಾ ಬಂದ್ ಮಾಡಿಬಿಡ್ತಾಳ.”

ಹುಲಿಗೆಮ್ಮ ಪೆನ್ನು ತೆಗೆದುಕೊಂಡಳು. ನನ್ನ ಮುಖದ ಕಡೆ ನೋಡದೆ, ನೂರಾ ಎಪ್ಪತ್ತೆರಡು ಎಂದು ಬರೆದಳು.